ಲಗತ್ತಿಸಿದ ಹೆಬ್ಬೆಟ್ಟು

ಕಿಟಕಿಯ ಗಾಜು ಕಟಕಟ ಅನ್ನುತ್ತಿದೆ, ಅದರ ರಬ್ಬರು ಹೋಗಿ ಎಷ್ಟು ಕಾಲವಾಯಿತೋ, ಯಾರೋ ಟಿಕೆಟ್ ಮಡಚಿ ಸಂದಿಗೆ ತುರುಕಿದ್ದಾರೆ, ಅದೂ ಈಗ ಉದುರಿತು, ಬೇರೆ ದಿನವಾಗಿದ್ದರೆ ಕಂಡಕ್ಟರನನ್ನು ಕರೆದು ಇದು ಬಸ್ಸೋ ತಮಟೆಯೋ ಅಂತ ಜಗಳ ತೆಗೆಯುತ್ತಿದ್ದೆ, ಇವತ್ತು ಬೇಡ, ಗಾಳಿ ಚೆನ್ನಾಗಿದೆ, ನಮ್ಮ ತಾಲ್ಲೂಕಿನ ಹಾನಗಲ್ ದಾಟಿದ ಮೇಲೆ ಶೇಂಗಾ ಕಿತ್ತ ಹೊಲಗಳ ಹಸಿಮಣ್ಣಿನ ವಾಸನೆ ಸೀದಾ ಮೂಗಿಗೆ ಬರುತ್ತದೆ, ಗುಡ್ಡದ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿವೆ, ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಒಂದು ಗಂಟೆ ಚಿಲ್ಲರೆ, ಕಿಟಕಿ ಪಕ್ಕದ ಸೀಟು, ಮನೆಯಲ್ಲಿ ನನ್ನ ಹೆಂಡತಿ ಮೌನಿಕಾ ಉಂಡು ಅಡ್ಡಾಗಿರುತ್ತಾಳೆ, ಎಂಟು ತಿಂಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಹೋದ ವಾರ ಮಗ್ಗದಿಂದ ಸೀರೆ ಇಳಿಸಿದೆ, ನವಿಲುಬಣ್ಣದ ಒಡಲು, ಅಂಚಿನಲ್ಲಿ ಒಂದೆಳೆ ತಪ್ಪಿಲ್ಲ — ಇಷ್ಟು ಸುಖವಾಗಿ ಕೂತಿದ್ದೇನಲ್ಲ ಅನ್ನುವುದಕ್ಕೇ ಸಿಟ್ಟು ಬರುತ್ತದೆ, ಯಾಕಂದರೆ ಹೋಗುತ್ತಿರುವುದು ಅವಳ ಹತ್ತಿರ, ಅವ್ವನ ಹತ್ತಿರ, ನಾನು ಆರು ವರ್ಷದವನಿದ್ದಾಗ ಬಿಟ್ಟು ಹೋದ ಪಾಲಮ್ಮನ ಹತ್ತಿರ, ಹೆರಿಗೆಗೆ ಮನೆಗೆ ಬಾ ಅಂತ ಕರೆಯಲು. ಕರೆಯುತ್ತೇನೋ ಇಲ್ಲವೋ. ದಾರಿಯಲ್ಲಿ ಸಿಗುವ ತಳಕಿನಲ್ಲಿ ಇಳಿದು ಎದುರಿನ ಬಸ್ ಹತ್ತಿದರೂ ಹತ್ತಿದೆ, ಯಾರು ಕೇಳುವವರು, ಮೌನಿಕಾ ಕೇಳುತ್ತಾಳೆ, ಅವಳಿಗೆ ಅಮ್ಮ ಇಲ್ಲ, ತವರು ಅನ್ನುವುದು ಒಂದು ಬೀಗ ಹಾಕಿದ ಬಾಗಿಲು, ನಿನ್ನೆ ಅಂದಳು, ನಂದು ಜೆರಾಕ್ಸೂ ಇಲ್ಲ, ನಿಂದು ಒರಿಜಿನಲ್ಲೇ ಐತೆ ಚಳ್ಳಕೆರೇಲಿ, ಹೋಗಿ ಕರ್ಕಂಬರಕ್ಕೆ ಏನು ರೋಗ ನಿಂಗೆ. ಜೆರಾಕ್ಸ್ ಅಂತಾಳೆ, ಬೇಕಂತಲೇ ಅಂತಾಳೆ, ಎಲ್ಲ ಶುರುವಾಗಿದ್ದೇ ಜೆರಾಕ್ಸಿನಿಂದ, ಆ ಹಾಳು ಪದದಿಂದ, ಲಗತ್ತು.

ನೇಕಾರರ ಸಂಘದ ಗೋಡೆಗೆ ಕಾಗದ ಅಂಟಿಸಿದ್ದರು, ವಯಸ್ಕರ ಲಗತ್ತು ಶೈಲಿ ಮತ್ತು ಮಾನಸಿಕ ಆರೋಗ್ಯದ ಅಳತೆ, ಭಾನುವಾರ ಹತ್ತು ಗಂಟೆ, ಎಲ್ಲರೂ ಬನ್ನಿ — ಲಗತ್ತು ಅಂದರೆ ನಮಗೆ ಗೊತ್ತಿಲ್ಲವೇ, ಅರ್ಜಿ ಬರೆದೂ ಬರೆದೂ ಕೈ ಸವೆದವರು ನಾವು, ಅರ್ಜಿಯ ಕೆಳಗೆ ಲಗತ್ತುಗಳು ಅಂತ ಗೆರೆ ಎಳೆದು ಆಧಾರ್, ರೇಷನ್ ಕಾರ್ಡು, ಮಗ್ಗದ ಮುಂದೆ ಕೂತ ಫೋಟೋ ಅಂತ ಬರೆಯುವುದು ಹಸುಳೆಗೂ ಗೊತ್ತು, ಹೊಸ ಯೋಜನೆ ಬಂತು ಅಂತ ಇಡೀ ಬೀದಿ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿತು, ನಮ್ಮ ಓಣಿಯ ಹಿರಿಯ ಮುರುಗೇಂದ್ರಪ್ಪ ಹೆಂಡತಿಯ ಮರಣಪತ್ರವನ್ನೂ ತಂದಿದ್ದ, ಇರ್ಲಿ ಕಣಪ್ಪ, ಆಮೇಲೆ ಇದೊಂದು ಕಮ್ಮಿ ಆತು ಅಂತ ಓಡಾಡಿಸ್ತಾರೆ. ಒಳಗೆ ಕೂತಿದ್ದವಳು ಚಿತ್ರಾ, ಮನಃಶಾಸ್ತ್ರ ಓದುತ್ತಿರುವ ಹುಡುಗಿ, ಮೇಜಿನ ಮೇಲೆ ಬಿದ್ದ ಕಾಗದದ ಕಟ್ಟುಗಳನ್ನು ನೋಡಿ ನಕ್ಕಳು, ಮುರುಗೇಂದ್ರಪ್ಪನ ಕಾಗದ ಓದಿದ ಮೇಲೆ ನಗು ನಿಂತಿತು, ಇದು ಆ ಲಗತ್ತಲ್ಲ ಅಜ್ಜ, ಮನುಷ್ಯರು ಮನುಷ್ಯರಿಗೆ ಎಷ್ಟು ಹತ್ತಿರ ಇರ್ತಾರೆ, ಚಿಕ್ಕವರಿದ್ದಾಗ ಸಾಕಿದವರ ಜೊತೆ ಹೇಗಿದ್ರು, ಅದು ದೊಡ್ಡವರಾದ ಮೇಲೆ ಮನಸ್ಸಿಗೆ ಏನು ಮಾಡುತ್ತೆ, ಅದನ್ನ ಅಳೆಯೋದು. ಹಂಗಾದ್ರೆ ಮರಣಪತ್ರ ಸರಿಯಾಗೇ ಐತಲ್ಲಮ್ಮ ಅಂದ ಮುದುಕ. ನಾನು ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಕೈಯಿಂದ ಬೆತ್ತ ಕಿತ್ತು ಮುರಿದು ಎದ್ದು ಬಂದವನು, ಪುಸ್ತಕದ ಪದ ಕಂಡರೆ ಈಗಲೂ ಕೈ ಬಿಸಿಯಾಗುತ್ತದೆ, ಈ ಪದ ಬರೆದೋರು ಯಾರು, ಅವರನ್ನ ಮೊದ್ಲು ಕರೀರಿ ಅಂದೆ. ಇಂಗ್ಲಿಷಿನ ಅಟ್ಯಾಚ್‌ಮೆಂಟನ್ನ ಕಂಪ್ಯೂಟರ್ ಅನುವಾದ ಮಾಡ್ತು, ನಮ್ಮ ಸರ್ ಸರಿ ಇದೆ ಅಂದ್ರು, ನೀವೇನಂತೀರಿ ಅದಕ್ಕೆ ಅಂದಳು ಚಿತ್ರಾ, ಹೆದರಲಿಲ್ಲ, ಪೆನ್ನು ಹಿಡಿದು ಕಾದಳು, ಯೋಚನೆ ಮಾಡದೆ ನನ್ನ ಬಾಯಿಂದ ಬಂತು, ಕೆಚ್ಚೋದು ಅಂತೀವಿ. ಸೀರೆ ಇಳಿಸಿದ ಮೇಲೆ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗಳು ಮಗ್ಗದ ಅಚ್ಚಿನ ಹಲ್ಲುಗಳಲ್ಲೇ ಉಳಿದಿರುತ್ತವೆ, ಹೊಸ ಹಾಸಿನ ಎಳೆಯನ್ನು ಹಳೆಯ ಎಳೆಯ ತುದಿಗೆ ಇಟ್ಟು, ಬೂದಿ ಮುಟ್ಟಿದ ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಹೊಸೆಯಬೇಕು, ಒಂದೊಂದಾಗಿ, ಸಾವಿರಾರು ಎಳೆ, ಸೇರಿಸಿದ್ದು ಕಾಣಬಾರದು, ಬಿಚ್ಚಲೂಬಾರದು, ಅದು ಕೆಚ್ಚೋದು. ಅವಳು ಕಾಗದದ ಅಂಚಿನಲ್ಲಿ ಬರೆದುಕೊಂಡಳು, ಯಾರು ಮಾಡ್ತಾರೆ ಅದನ್ನ. ಹೆಂಗಸರು ಅಂದೆ, ನಮ್ಮನೇಲಿ ಹೆಂಡ್ತಿ, ಈಗ ಬಗ್ಗಕ್ಕೆ ಆಗಲ್ಲ ಅವಳಿಗೆ. ಅದಕ್ಕೂ ಮುಂಚೆ ಅಂದಳು. ಅದಕ್ಕೂ ಮುಂಚೆ — ಬಿಡ್ರಿ, ಪ್ರಶ್ನೆ ಕೇಳ್ರಿ.

ಒಂದೊಂದು ಪ್ರಶ್ನೆಗೂ ಏಳು ಮನೆ, ಒಂದಕ್ಕೆ ಗೀಟು ಹಾಕಿದರೆ ಒಪ್ಪುವುದೇ ಇಲ್ಲ, ಏಳಕ್ಕೆ ಹಾಕಿದರೆ ಪೂರ್ತಿ ಒಪ್ಪುತ್ತೇನೆ, ನನ್ನ ಒಳಗಿನ ಮಾತನ್ನು ಆಪ್ತರ ಬಳಿ ಹೇಳಿಕೊಳ್ಳುವುದು ನನಗೆ ಸುಲಭ, ಒಂದು, ಕಷ್ಟಕಾಲದಲ್ಲಿ ಇನ್ನೊಬ್ಬರನ್ನು ಅವಲಂಬಿಸಲು ನನಗೆ ಇಷ್ಟವಿಲ್ಲ, ಏಳು, ಪಕ್ಕದಲ್ಲಿ ಮೌನಿಕಾ, ಅವಲಂಬನ ಅಂಟೇ ಏಮಿ ಅಂತ ತೆಲುಗಿನಲ್ಲಿ ಪಿಸುಗುಟ್ಟಿ ಅರ್ಥ ಕೇಳಿದಳು, ಆತುಕಣಾದು, ಒರಗೋದು ಅಂದೆ, ಓ ಹಂಗಾದ್ರೆ ನಂದು ಒಂದೇ, ಬಸುರಿ ಗೋಡೆಗಾದ್ರೂ ಆತುಕಬೇಕಲ್ಲ, ಅಂದು ಚಿತ್ರಾಳನ್ನು ನಗಿಸಿದಳು. ನನ್ನ ಆಪ್ತರು ನನ್ನನ್ನು ಬಿಟ್ಟು ಹೋಗುತ್ತಾರೆ ಎಂದು ನನಗೆ ಭಯವಾಗುತ್ತದೆ — ಒಂದಕ್ಕೆ ಗೀಟು ಹಾಕಿದೆ, ಕಾಗದ ಹರಿದು ಪೆನ್ಸಿಲ್ಲು ಕೆಳಗಿನ ಹಾಳೆಗೆ ಇಳಿಯಿತು. ಹರಿದದ್ದನ್ನು ಎಲ್ಲಿ ಬರೀತೀರಿ ಅಂದೆ. ಅದಕ್ಕೆ ಮನೆ ಇಲ್ಲ ಅಂದಳು. ಇನ್ನೊಂದು ಹಾಳೆ, ಹೋದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ, ಎಷ್ಟು ದಿನ ಯಾವುದೂ ಬೇಡ ಅನಿಸಿತು, ಯಾವ ದಿನವೂ ಇಲ್ಲ, ಚೆನ್ನಾಗಿ ನಿದ್ದೆ ಬರುತ್ತದೆ, ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟರೆ ತಂಪು, ಲಾಳಿ ಓಡುತ್ತದೆ, ಮೌನಿಕಾ ಬೈಯುತ್ತಾಳೆ, ನಾನು ಬೈಯುತ್ತೇನೆ, ಸಂಜೆ ಮಂಡಕ್ಕಿ ತಿನ್ನುತ್ತೇವೆ, ಚಿತ್ರಾ ಕೂಡಿ ನೋಡಿದಳು, ಜನರನ್ನ ದೂರ ಇಡೋದು ಏಳಕ್ಕೆ ಐದು ಪಾಯಿಂಟ್ ಒಂಬತ್ತು, ತುಂಬಾ ಜಾಸ್ತಿ, ಇಷ್ಟಿರೋರಿಗೆ ಸಾಮಾನ್ಯವಾಗಿ ಎರಡನೇ ಹಾಳೆಯಲ್ಲೂ ಬೇಜಾರು ಜಾಸ್ತಿ ಬರುತ್ತೆ, ನಿಮಗೆ ಇಲ್ಲ, ಎಲ್ಲರಲ್ಲೂ ಒಂದೇ ಥರ ಇರಲ್ಲ. ಯಾಕೆ ಬರಬೇಕು ಬೇಜಾರು, ಸಿಟ್ಟು ಖರ್ಚಾಗೋಗುತ್ತಲ್ಲ ಅಂದಳು ಮೌನಿಕಾ. ಐದು ಪಾಯಿಂಟ್ ಒಂಬತ್ತು, ಸೀರೆಯನ್ನು ಗಜದಲ್ಲಿ ಅಳೆದರು, ಈಗ ನನ್ನನ್ನು ಪಾಯಿಂಟಿನಲ್ಲಿ, ಎದ್ದು ಹೊರಟಿದ್ದೆ, ಚಿತ್ರಾ ನನ್ನ ಕಾಗದ ವಾಪಸ್ ಕೊಡಲು ತೆಗೆದಳು, ರೇಷನ್ ಕಾರ್ಡಿನ ಜೆರಾಕ್ಸು, ಸುಮ್ಮನೆ ಕಣ್ಣಾಡಿಸಿ ಕೇಳಿದಳು, ಮನೇಲಿ ನೀವು ಇಬ್ಬರೇ ಅಂದ್ರಿ, ಮತ್ತೆ ಈ ಪಾಲಮ್ಮ ಯಾರು.

ಹತ್ತೊಂಬತ್ತು ವರ್ಷ ಆ ಹೆಸರು ಅಲ್ಲೇ ಇತ್ತು, ಸರ್ಕಾರದವರು ತೆಗೆದಿಲ್ಲ, ಸೋಮಾರಿಗಳು ಅಂದುಕೊಂಡಿದ್ದೆ, ಸಂಘದಿಂದ ಸೀದಾ ರೇಷನ್ ಅಂಗಡಿಯ ಕ್ಯಾತಪ್ಪನ ಹತ್ತಿರ ಹೋಗಿ ಕಾರ್ಡು ಬಿಸಾಕಿದೆ, ಮನೆಯಲ್ಲಿ ಇಲ್ಲದವರ ಹೆಸರು ಯಾಕೈತೆ, ತೆಗಿ. ಕ್ಯಾತಪ್ಪ ಅಕ್ಕಿ ತೂಗುತ್ತಾ ತಲೆ ಎತ್ತಲಿಲ್ಲ, ಲೇ ದುರುಗೇಶ, ಹೆಸರು ತಾನೇ ಉಳಿಯಲ್ಲ ಕಣೋ, ಒಬ್ಬೊಬ್ಬರೂ ಬಂದು ಈ ಮಷಿನ್ನಿಗೆ ಹೆಬ್ಬೆಟ್ಟು ಕೊಡಬೇಕು, ಕೊಡದೋರ ಹೆಸರು ಹೋಗ್ತತೆ, ನಿಮ್ಮವ್ವ ಎರಡು ಸಲ ಬಂದು ಕೊಟ್ಟೋದ್ಲು, ನಿಮ್ಮ ತಾತ ಬೊಮ್ಮಣ್ಣನೇ ಕರ್ಕಂಬಂದಿದ್ದ, ಹೆಸರು ತೆಗೀಬ್ಯಾಡ, ಹುಡುಗನ ಹೆಸರಿನ ಕೆಳಗೆ ಇರ್ಲಿ ಅಂತ. ಆಮೇಲೆ ಅಂದೆ. ಆಮೇಲೇನು, ನಿಮ್ಮ ಓಣಿ ತುದೀಗಂಟ ಹೋಗ್ತಿದ್ಲು, ಅಲ್ಲಿ ನಿಂತು ಮಗ್ಗದ ಸದ್ದು ಕೇಳಿ ಬಸ್ಸಿಗೆ ಹೋಗ್ತಿದ್ಲು. ತಾತ ಹೋದ ವರ್ಷ ಸತ್ತ, ನನಗೊಂದು ಮಾತು ಹೇಳಲಿಲ್ಲ, ಹೇಳಿದ್ದರೆ ಮಗ್ಗಕ್ಕೆ ಬೆಂಕಿ ಇಡುತ್ತಿದ್ದೆ ಅಂತ ಗೊತ್ತಿತ್ತು ಅವನಿಗೆ. ಅಪ್ಪ ಸತ್ತ ಮೇಲೆ ಅವಳು ಚಳ್ಳಕೆರೆಯ ಎಣ್ಣೆಮಿಲ್ಲಿನ ಒಬ್ಬನ ಜೊತೆ ಹೋದಳು, ಹೋಗ್ತೀಯಾ ಹೋಗು, ಹುಡುಗ ಮಗ್ಗದ ಹುಡುಗ, ಇಲ್ಲೇ ಇರ್ತಾನೆ ಅಂದಿದ್ದ ತಾತ, ನಾನು ಕೇಳಿಸಿಕೊಂಡಿದ್ದೆ, ಆ ದಿನ ಹೊಸ ಹಾಸು ಬಂದಿತ್ತು, ಬೆಳಗಿನಿಂದ ಮಧ್ಯಾಹ್ನ ಇಳಿಯುವ ತನಕ ಕೂತು ಕೆಚ್ಚಿದಳು, ಒಂದೆಳೆ ಬಿಡದೆ, ಎಲ್ಲ ಎಳೆ ಮುಗಿಸಿ ಎದ್ದು ಹೆಬ್ಬೆರಳಿನಿಂದ ನನ್ನ ಕೆನ್ನೆ ಒತ್ತಿದಳು, ಬೂದಿಯ ಹೆಬ್ಬೆರಳು, ಗುಂಡಗೆ ಒಂದು ಗುರುತು, ಕನ್ನಡಿಯಲ್ಲಿ ನೋಡಿಕೊಂಡೆ, ಎರಡು ದಿನ ಮುಖ ತೊಳೆಯಲು ಬಿಡಲಿಲ್ಲ, ಮೂರನೆಯ ದಿನ ತಾತ ಕೈಕಾಲು ಹಿಡಿದು ತೊಳೆಸಿದ, ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಎಳೆಗಳಿಗೆ ಕೊಡಲು ಹೊತ್ತು ಇತ್ತು ಅವಳಿಗೆ, ನನಗೆ ಕೊಡಲು ಇರಲಿಲ್ಲ, ಇಷ್ಟು ವರ್ಷ ಇದನ್ನೇ ಅಂದುಕೊಂಡೆ, ಎರಡು ವರ್ಷದ ಹಿಂದೆ ಮದುವೆಯ ಚಪ್ಪರಕ್ಕೆ ಬಂದು ನಿಂತಾಗಲೂ ಇದನ್ನೇ ಅಂದುಕೊಂಡು, ಎಲ್ಲರ ಎದುರು ಕೇಳಿದೆ, ನೀವು ಯಾರ ಕಡೆಯೋರು, ಹೆಣ್ಣಿನ ಕಡೆಯೋರಾ. ತಂದಿದ್ದ ಉಡುಗೊರೆಯ ತಟ್ಟೆಯನ್ನು ಕಂಬದ ಬುಡದಲ್ಲಿ ಇಟ್ಟು ಹೋದಳು. ಅದಾದ ಮೇಲೂ ಬಂದು ಹೆಬ್ಬೆಟ್ಟು ಕೊಟ್ಟಿದ್ದಾಳೆ, ಎರಡನೆಯ ಸಲದ ತಾರೀಕು ಕ್ಯಾತಪ್ಪ ಮಷಿನ್ನಿನಲ್ಲಿ ತೋರಿಸಿದ, ಮದುವೆಯಾದ ಆರು ತಿಂಗಳಿಗೆ.

ತಳಕು. ಬಸ್ ನಿಂತಿದೆ, ಇಳಿಯುವುದಾದರೆ ಇಲ್ಲೇ, ಎದುರಿನ ಬಸ್ಸೂ ಬಂದು ನಿಂತಿದೆ, ಬೋರ್ಡು ಮೊಳಕಾಲ್ಮೂರು ಅಂತಲೇ ಇದೆ, ದೇವರಿಗೂ ತಮಾಷೆ, ನಡುವೆ ಕುರಿಮಂದೆ, ಎರಡು ಬಸ್ಸೂ ಹಾರ್ನು ಹೊಡೆಯುತ್ತಿವೆ, ಕುರಿಯವನು ಹೆಗಲ ಮೇಲೆ ಮರಿ ಹಾಕಿಕೊಂಡು ಕ್ಯಾರೆ ಅನ್ನದೆ ನಡೆಯುತ್ತಿದ್ದಾನೆ, ಮರಿಗೆ ಯಾವ ಪಾಯಿಂಟು ಕೊಡುತ್ತಾಳೋ ಚಿತ್ರಾ, ನಗು ಬರುತ್ತದೆ, ಪಕ್ಕದ ಹೆಂಗಸು ನೋಡುತ್ತಾಳೆ, ನೋಡಲಿ. ಮನೆಯಲ್ಲಿ ಮಗ್ಗ ಸುಮ್ಮನಿದೆ, ಹಳೆಯ ತುದಿಗಳು ಅಚ್ಚಿನಿಂದ ನೇತಾಡುತ್ತಿವೆ, ಹೊಸ ಹಾಸು ಮೂಲೆಯಲ್ಲಿ, ನಾನೇ ಕೆಚ್ಚಲು ಕೂತಿದ್ದೆ, ಹತ್ತು ಎಳೆಗೆ ನಾಲ್ಕು ಹರಿದವು, ಕೈ ಸಿಟ್ಟಿನದು, ಮೌನಿಕಾ ಬಾಗಿಲಲ್ಲಿ ಕೂತು ನೋಡಿ ಅಂದಳು, ಅತ್ತೆ ಕೆಚ್ಚಿದ್ದರ ತುದಿಗೆ ನಿಮ್ಮ ತಾತ ಕೂಲಿಯೋಳ ಕೈಲಿ ಕೆಚ್ಚಿಸಿದ, ಅದರ ತುದಿಗೆ ನಾನು ಕೆಚ್ಚಿದೆ, ನಡುವೆ ಯಾವತ್ತಾದ್ರೂ ಅಚ್ಚು ಖಾಲಿ ಆಗೈತಾ. ಆಗಿಲ್ಲ. ಒಂದು ಸಲವೂ ಇಲ್ಲ. ಆ ಮಗ್ಗದಲ್ಲಿ ಆಮೇಲೆ ನೇಯ್ದದ್ದೆಲ್ಲ ಅವ್ವ ಆ ಮಧ್ಯಾಹ್ನ ಹೊಸೆದ ಎಳೆಗಳ ಬೆನ್ನಿಗೇ ಬಂದದ್ದು, ಈ ನವಿಲುಬಣ್ಣದ ಸೀರೆಯೂ. ಇದನ್ನು ಹೇಳಿಬಿಟ್ಟು ಮೌನಿಕಾ ಹೊಟ್ಟೆ ಹಿಡಿದುಕೊಂಡು ಎದ್ದು ಒಲೆಯ ಹತ್ತಿರ ಹೋದಳು, ಹುರಳಿಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ ಅಂತ ತನಗೆ ತಾನೇ ಕೇಳಿಕೊಳ್ಳುತ್ತಾ. ಕುರಿ ದಾಟಿದವು. ಎದುರಿನ ಬಸ್ ಹೋಯಿತು, ನಾನು ಏಳಲಿಲ್ಲ, ಏಳಬೇಕು ಅಂತ ಅನಿಸಿತು, ಆದರೂ ಚೆನ್ನಾಗಿ ಕೂತಿದ್ದೇನೆ, ಗಾಜು ಕಟಕಟ ಅನ್ನಲಿ.

ಚಳ್ಳಕೆರೆ, ಎಣ್ಣೆಯ ವಾಸನೆ ಊರಿಗಿಂತ ಮೊದಲೇ ಬರುತ್ತದೆ, ಮಿಲ್ಲಿನ ಗೇಟು ಕ್ಯಾತಪ್ಪ ಹೇಳಿದ ಕಡೆಯೇ ಇದೆ, ಅಂಗಳದಲ್ಲಿ ಶೇಂಗಾ ರಾಶಿ, ಸುತ್ತ ಕೂತ ಹೆಂಗಸರು ಸುಲಿಯುತ್ತಿದ್ದಾರೆ, ಹೊಟ್ಟಿನ ಧೂಳಿನಲ್ಲಿ ಎಲ್ಲರ ಸೆರಗೂ ಒಂದೇ ಬಣ್ಣ, ಯಾರು ಬೇಕಪ್ಪ ಅಂತ ಒಬ್ಬಳು ಕೇಳುತ್ತಾಳೆ, ಹೆಸರು ಹೇಳಬೇಕು, ಪಾಲಮ್ಮ ಅನ್ನುತ್ತೇನೆ, ನೀನು ಯಾರ ಕಡೆಯೋನು ಅನ್ನುತ್ತಾಳೆ — ಅದೇ ಮಾತು, ಅವಳಿಗೇನು ಗೊತ್ತು, ಸುಮ್ಮನೆ ಕೇಳಿದಳು — ಮಗ ಅನ್ನುತ್ತೇನೆ. ರಾಶಿಯ ಆ ಕಡೆ ಒಬ್ಬಳು ಎದ್ದು ನಿಂತಳು, ಸಣ್ಣ ಹೆಂಗಸು, ಇಷ್ಟು ಸಣ್ಣ ಇದ್ದಳಾ, ಉಂಡೆಯೇನೋ ಅಂದಳು, ಹತ್ತೊಂಬತ್ತು ವರ್ಷಕ್ಕೆ ಇದೊಂದು ಪ್ರಶ್ನೆ, ಇದಕ್ಕೆ ಎಷ್ಟು ಮನೆ, ಯಾವುದಕ್ಕೆ ಗೀಟು ಹಾಕಲಿ, ಹೇಳಬೇಕೆಂದು ಕಟ್ಟಿಕೊಂಡು ಬಂದದ್ದು ಒಂದೂ ಇಲ್ಲ, ಬೈಗುಳ ಇಲ್ಲ, ಬಾ ಅನ್ನುವುದೂ ಬರುತ್ತಿಲ್ಲ, ಹೊಸಾ ಹಾಸು ಬಂದೈತೆ, ಮನೇಲಿ ಕೆಚ್ಚೋರಿಲ್ಲ, ಅವಳಿಗೆ ಎಂಟು ತಿಂಗಳು ಅಂದೆ, ಅಷ್ಟೇ ಬಂತು. ಅವಳು ಕೈ ನೋಡಿಕೊಂಡಳು, ಸೆರಗಿಗೆ ಒರೆಸಿದಳು, ಹೊಟ್ಟಿನ ಧೂಳು ಹೋಗಲಿಲ್ಲ, ಎಳೆ ಇಲ್ಲದ ಬೆರಳುಗಳು ಒಂದನ್ನೊಂದು ಹೊಸೆಯುತ್ತಿವೆ, ಅವಳಿಗೆ ಗೊತ್ತೇ ಇಲ್ಲ, ತೋರುಬೆರಳ ಮೇಲೆ ಹೆಬ್ಬೆರಳು, ಹತ್ತಿರ ಬಂದಳು, ಕೈ ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು, ಮದುವೆಯ ಚಪ್ಪರ ನೆನಪಾಯಿತೇನೋ, ನಾನು ಮುಖ ಸರಿಸಲಿಲ್ಲ, ಬಗ್ಗಿಸಿದೆ, ಕೆನ್ನೆಯ ಹತ್ತಿರ, ಹೊಟ್ಟಿನ ಧೂಳಿನ ಬೂದಿ ಬಣ್ಣ, ಗುಂಡಗೆ, ಅದೇ, ಹೆಬ್ಬೆರಳು, ಹೆಬ್ಬೆರಳು