ಗೊಣಗ ಇದ್ದಲ್ಲೇ ಇದ್ದಾನೆ

ಬಲೆ ಹಕ್ಕಿಯ ಬೆನ್ನು ಹತ್ತಬಾರದು. ಹಕ್ಕಿಗಳ ಲೆಕ್ಕ ಇಡುವ ನಮ್ಮ ಕೆಲಸದ ಮೊದಲ ಪಾಠ ಇದು. ಕಲಿಸಿದವಳು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಕ್ಕ. ಗುಡ್ಡದ ನಟ್ಟನಡುವೆ ಗೂಟ ನೆಟ್ಟು, ಕೂದಲೆಳೆಯಷ್ಟು ತೆಳುವಾದ ಬಲೆ ಕಟ್ಟಿ, ಸಿಕ್ಕ ಹಕ್ಕಿಯನ್ನು ಬಟ್ಟೆ ಚೀಲದಲ್ಲಿ ತಂದು ತೂಗಿ, ಗುರುತಿಗೆಂದು ಕಾಲಿಗೆ ಪುಟ್ಟ ಬಳೆ ತೊಡಿಸಿ, ಮತ್ತೆ ಅಲ್ಲೇ ಬಿಟ್ಟು ಬರುವುದು. ವರ್ಷ ವರ್ಷವೂ ಅದೇ ಗೂಟ, ಅದೇ ಜಾಗ. "ಬಂದ್ರೆ ಬಂತು, ಇಲ್ಲಾಂದ್ರೆ ಖಾಲಿ ಅಂತ ಬರಿ. ಖಾಲಿ ಅನ್ನೋದೂ ಒಂದು ಉತ್ತರ ಕಣೇ," ಎನ್ನುತ್ತಿದ್ದಳು. ಕೆಲಸ ಕಲಿಯಲು ಬಂದವರಿಗೂ ಇದನ್ನೇ ಬಾಯಿಪಾಠ ಮಾಡಿಸುತ್ತಿದ್ದಳು. ಅವರಿಗೆಲ್ಲ ಅವಳು ದೊಡ್ಡಕ್ಕ, ಅವಳು ಹೇಳಿದ ಮೇಲೆ ಮುಗಿಯಿತು.

ನನ್ನ ಮಂಡಿ ಮುರಿದ ಮೇಲೆ ಕೆಲಸ ಹಂಚಿಕೊಂಡೆವು. ಅವಳು ಮೇಲೆ ಬಲೆಗೆ, ನಾನು ಗುಡ್ಡದ ಬುಡದ ಕೋಣೆಯಲ್ಲಿ ತಕ್ಕಡಿಗೆ. ಮುಷ್ಟಿಯೊಳಗೆ ಅಡಗುವ ಒಂದು ಕಂದು ಹಕ್ಕಿ ಎಂದರೆ ನಮ್ಮಿಬ್ಬರಿಗೂ ಪ್ರಾಣ. ಕೈಯಲ್ಲಿ ಹಿಡಿದರೆ ಒದ್ದಾಡುವುದಿಲ್ಲ, ಕಚ್ಚುವುದಿಲ್ಲ, ಸುಮ್ಮನೆ ಗೊಣಗುತ್ತದೆ. ಹಾಗಾಗಿ ಅದಕ್ಕೆ ಗೊಣಗ ಎಂದೇ ಹೆಸರಿಟ್ಟೆವು. ಈ ಗೊಣಗ ಮಹಾ ಸೋಮಾರಿ. ಹುಟ್ಟಿದ ಜಾಗದಿಂದ ಒಂದು ಕೂಗಳತೆ ಆಚೆ ಹೋಗುವವನಲ್ಲ.

ಬೇರೆ ಗುಡ್ಡಗಳಿಂದ ಕೆಟ್ಟ ಸುದ್ದಿಗಳು ಬರುತ್ತಿದ್ದವು. ಕೆಳಗಿನ ಸೆಕೆ ಮೇಲಕ್ಕೆ ಹತ್ತುತ್ತಿದೆಯಂತೆ, ತಂಪು ಹುಡುಕಿಕೊಂಡು ಹಕ್ಕಿಗಳೂ ಹತ್ತುತ್ತಿವೆಯಂತೆ, ತುದಿ ಮುಟ್ಟಿದವು ಆಮೇಲೆ ಎಲ್ಲೂ ಕಾಣುತ್ತಿಲ್ಲವಂತೆ. ನಮ್ಮಲ್ಲಿ ಮಾತ್ರ ಗೊಣಗ ತಪ್ಪದೆ ಸಿಗುತ್ತಿದ್ದ. ನಮ್ಮ ಗುಡ್ಡದ ಗತ್ತೇ ಬೇರೆ ಎಂದು ನಾನು ಉಬ್ಬಿಹೋಗಿದ್ದೆ.

ಅಷ್ಟರಲ್ಲಿ ಶಿಖರದ ಕಾಡು ಕಡಿದು ಹೋಟೆಲು ಕಟ್ಟುವ ಯೋಜನೆ ಬಂತು. ಅರಣ್ಯ ಕಚೇರಿಯ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಹಕ್ಕಿಗಳು ಮೇಲೆ ಹೋಗಿದ್ದರೆ ಶಿಖರವೇ ಅವುಗಳ ಕೊನೆಯ ಮನೆ, ಮುಟ್ಟಲು ಬಿಡುವುದಿಲ್ಲ. ಇದ್ದಲ್ಲೇ ಇದ್ದರೆ ತಡೆಯಲು ತಮ್ಮ ಬಳಿ ಕಾರಣವಿಲ್ಲ ಎಂದರು. ಆ ಹಾಳು ಹೋಟೆಲು ನನಗೂ ಬೇಡವಾಗಿತ್ತು. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊಣಗ ಇದ್ದಲ್ಲೇ ಇದಾನೆ ಸಾರ್," ಎಂದೆ. ಪಕ್ಕದಲ್ಲೇ ಅಕ್ಕ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಿದ್ದಳು.

ಕೆಲವು ದಿನ ಕಳೆದು ಹಕ್ಕಿ ಚೀಲಗಳನ್ನು ಒಗೆಯಲು ಕೂತೆ. ಹಿಕ್ಕೆಯ ಕಲೆ, ಕಡು ನೇರಳೆ, ಎಷ್ಟು ತಿಕ್ಕಿದರೂ ಹೋಗಲೊಲ್ಲದು. ಆ ಬಣ್ಣ ನನಗೆ ಗೊತ್ತು. ಶಿಖರದಲ್ಲಿ, ಗಾಳಿಗೆ ಕುಳ್ಳಾದ ಮರಗಳ ಬುಡದಲ್ಲಿ ಆಗುವ ಹಣ್ಣಿನದು. ಕಾಲು ನೆಟ್ಟಗಿದ್ದಾಗ ನಾನೇ ತಿಂದು ನಾಲಿಗೆ ಬಣ್ಣ ಮಾಡಿಕೊಂಡಿದ್ದೇನೆ. ನಡುಗುಡ್ಡದಲ್ಲಿ ಆ ಗಿಡ ಹುಡುಕಿದರೂ ಸಿಗದು. ಹಾಗಾದರೆ ನಮ್ಮ ಸೋಮಾರಿ ಎಲ್ಲಿ ತಿಂದ?

ಮರುದಿನ ಅಕ್ಕ ಹೊರಟ ಮೇಲೆ ಊರುಗೋಲು ಹಿಡಿದು ಹತ್ತಿದೆ. ಮಂಡಿ ಜೀವ ಹಿಂಡಿತು. ನಡುಗುಡ್ಡದಲ್ಲಿ ನಮ್ಮ ಗೂಟಗಳಿರಲಿಲ್ಲ. ಗೂಟದ ಕುಳಿಗಳೊಳಗೆ ಪಾಚಿ ಕಟ್ಟಿತ್ತು, ಬಲೆ ಕಟ್ಟುವ ಸಾಲಿನಲ್ಲಿ ಆಳೆತ್ತರದ ಗಿಡಗಳು ಎದ್ದಿದ್ದವು. ಗೊಣಗನ ಸದ್ದಿಲ್ಲ. ಕೆಳಗಿನ ಬಸ್ ನಿಲ್ದಾಣದಲ್ಲಿ ಕಚ್ಚಾಡಿಕೊಂಡಿರುವ ಮೈನಾಗಳು ಅಲ್ಲಿ ಕೂತು ಹರಟುತ್ತಿದ್ದವು. ತುದಿಯವರೆಗೂ ಹತ್ತಿದೆ. ಕುಳ್ಳ ಮರಗಳ ನಡುವೆ ನಮ್ಮ ಗೂಟ, ನಮ್ಮ ಬಲೆ. ಅಕ್ಕ ಗೊಣಗನೊಬ್ಬನನ್ನು ಬಲೆಯಿಂದ ಬಿಡಿಸುತ್ತಿದ್ದಳು.

"ಅಯ್ಯೋ, ನಿನ್ನ ಕಾಲು!" ಎಂದಳು.

"ಕಾಲು ಹಾಳಾಗಿ ಹೋಗ್ಲಿ. ಎಷ್ಟು ವರ್ಷದಿಂದ ನಡೀತಿದೆ ಇದು?"

ಅವಳು ಹಕ್ಕಿಯನ್ನು ಹಾರಲು ಬಿಟ್ಟಳು. "ನಾಲ್ಕು. ಖಾಲಿ ಬಲೆ ನೋಡೀ ನೋಡೀ ಹೊಟ್ಟೇಲಿ ಬೆಂಕಿ ಬಿದ್ದಂಗಾಯ್ತು ಕಣೇ. ಒಂಚೂರು ಮೇಲೆ ಕಟ್ಟಿದೆ, ಒಂದು ಸಿಕ್ತು. ಅದನ್ನ ನೋಡಿ ನೀನು ಮಗು ಥರ ಕುಣಿದೆ. ಆಮೇಲೆ ಹೇಗೆ ಹೇಳ್ಲಿ? ಇನ್ನೊಂಚೂರು ಮೇಲೆ, ಇನ್ನೊಂಚೂರು ಮೇಲೆ…"

"ನನ್ನ ತಲೆಗೆ ಕಟ್ಬೇಡ! ಸಾಹೇಬ್ರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲಕ್ಕಾ, ಆಗಾದ್ರೂ ಒಂದು ಮಾತು ಬರ್ಲಿಲ್ವಾ ನಿನಗೆ?"

ನನಗೆ ಮೈಯೆಲ್ಲ ಉರಿಯಿತು. ಸಂಜೆ ತಡವಾಗಿ ಇಳಿದು ಬರುತ್ತಿದ್ದವಳಿಗೆ ವಯಸ್ಸಾಯಿತಲ್ಲ ಎಂದು ಮರುಗಿ, ಅಷ್ಟೂ ದಿನ ಬಿಸಿನೀರು ಕಾಯಿಸಿ ಪಾದ ಒತ್ತಿದವಳು ನಾನು. ಕದ್ದು ಶಿಖರ ಹತ್ತಿ ಬಂದ ಪಾದಗಳು ಅವು! ಒತ್ತಿಸಿಕೊಳ್ಳುವಾಗ ಅವಳಿಗೆ ಏನೂ ಅನ್ನಿಸಲಿಲ್ಲವೇ?

ಅಕ್ಕ ಅತ್ತಳು. ಕಚೇರಿಯಲ್ಲಿ ಹೋಟೆಲಿನ ಕಡತಕ್ಕೆ ಇನ್ನೂ ಸಹಿ ಆಗಿರಲಿಲ್ಲ. "ನಾಳೇನೇ ಹೋಗೋಣ. ನಾನೇ ಬಾಯಿಬಿಟ್ಟು ಹೇಳ್ತೀನಿ, ನಿನ್ನಾಣೆ," ಎಂದಳು. ನಾನು ನಂಬಿದೆ. ನಂಬದೆ ಇನ್ನೇನು ಮಾಡಲಿ, ಅಕ್ಕ ಅಲ್ಲವೇ?

ಸಾಹೇಬರ ಕೋಣೆಗೆ ಹೋದಾಗ ಅವರ ಸಹಾಯಕ ತಟ್ಟನೆ ಎದ್ದು ನಿಂತ. ಅಕ್ಕನ ಬಳಿ ಕೆಲಸ ಕಲಿತವನು. "ದೊಡ್ಡಕ್ಕ, ನೀವು ಇಲ್ಲಿ ಕೂತ್ಕೊಳ್ಳಿ," ಎಂದು ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ಅಕ್ಕ ಕೂತಳು. ಬಾಯಿ ಮಾತ್ರ ಬಿಡಲಿಲ್ಲ. ಕಾದು ಕಾದು ನಾನೇ ಎಲ್ಲ ಹೇಳಿದೆ.

"ಏನಮ್ಮಾ, ನಿಜಾನಾ?" ಸಾಹೇಬರು ಅವಳತ್ತ ತಿರುಗಿದರು.

ಅಕ್ಕ ಒಮ್ಮೆ ಆ ಶಿಷ್ಯನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನನ್ನ ತಂಗಿಗೆ ಮಂಡಿನೋವು ಸಾರ್. ವರ್ಷಗಟ್ಟಲೆ ಆಯ್ತು ಗುಡ್ಡ ಹತ್ತಿ. ಹೋಟೆಲ್ ಬರುತ್ತೆ ಅಂತ ಸಂಕಟ ಪಟ್ಕೊಂಡು ಏನೇನೋ ಮಾತಾಡ್ತಿದಾಳೆ, ಪಾಪ."

ಪಾಪವಂತೆ, ಪಾಪ!

"ನಿನ್ನೆ ಹತ್ತಿದೀನಿ ಸಾರ್! ಬನ್ನಿ, ಕುಳೀಲಿ ಪಾಚಿ ಬೆಳೆದಿದೆ, ತೋರಿಸ್ತೀನಿ!" ಕಿರುಚಿದೆ. ನನ್ನ ದನಿ ನನಗೇ ಹುಚ್ಚಿಯ ದನಿಯ ಹಾಗೆ ಕೇಳಿತು.

"ದೊಡ್ಡಕ್ಕನ ಮಾತಿನ ಮೇಲೂ ತನಿಖೆ ಬೇಕಾ ಸಾರ್?" ಎಂದ ಸಹಾಯಕ.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೋದ ಸಲ ಇದ್ದಲ್ಲೇ ಇದೆ ಅಂದಿದ್ದು ನೀವೇ ಅಲ್ವಾ?"

ಹೌದು, ನಾನೇ. ಅವರು ಕಡತ ಎಳೆದುಕೊಂಡು ನಮ್ಮೆದುರೇ ಸಹಿ ಹಾಕಿದರು.

ಹೊರಗೆ ಬಂದೆ. ಕಚೇರಿಯ ಮೆಟ್ಟಿಲುಗಳಿಗೆ ಹಿಡಿಗಂಬಿ ಇಲ್ಲ. ನಿನ್ನೆ ಹತ್ತಿದ್ದಕ್ಕೆ ಮಂಡಿ ಊದಿ ಮಡಚಲು ಬಾರದಾಗಿತ್ತು. ಅಕ್ಕ ಒಂದು ಮೆಟ್ಟಿಲು ಕೆಳಗಿಳಿದು ನಿಂತು ಕೈ ಚಾಚಿದಳು. ಒಂದು ಗರಿಯೂ ಮುಕ್ಕಾಗದಂತೆ ಗೊಣಗನನ್ನು ಬಲೆಯಿಂದ ಬಿಡಿಸುವ ಕೈ ಅದು.

"ಹುಷಾರು ಕಣೇ, ಮೆಟ್ಟಿಲು ಎತ್ತರ ಇದೆ."

ಉಗಿಯಬೇಕು ಅನ್ನಿಸಿತು. ಆದರೆ ಹಿಡಿಯದೆ ಇಳಿಯಲು ಆಗುತ್ತಿರಲಿಲ್ಲ. ಹಿಡಿದುಕೊಂಡೆ.