ವಾಸನೆಯಿಲ್ಲದ ವರ್ಷ

ಶವದ ವ್ಯಾನಿನ ಹಿಂಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ. ಡ್ರೈವರ್ ಎರಡು ಸಲ ಜೋರಾಗಿ ತಳ್ಳಿದ. ಎರಡೂ ಸಲ ಅದು ತೆರೆದುಕೊಂಡಿತು. ಲ್ಯಾಬ್ ಅಕ್ಕ ಮುಂದೆ ಬಂದು ಬಾಗಿಲನ್ನು ಕೊಂಚ ಮೇಲೆತ್ತಿ, ಭುಜ ಕೊಟ್ಟು ನೂಕಿದಳು. ಟಕ್ಕೆಂದು ಕೂತಿತು. ಹೈಸ್ಕೂಲಿನ ವಿಜ್ಞಾನ ವಿಭಾಗದ ಹಳೇ ಕಪಾಟುಗಳ ಜತೆ ಹದಿನಾರು ವರ್ಷ ಗುದ್ದಾಡಿದ ಭುಜ ಅದು.

ಒಳಗೆ ಕೆಮಿಸ್ಟ್ರಿ ಮೇಡಂ ಇದ್ದರು. ಸೋಮವಾರ ಸಂಜೆ, "ನಾಳೆ ಒಂಬತ್ತನೇ ಕ್ಲಾಸಿಗೆ ಇಪ್ಪತ್ತು ಟೆಸ್ಟ್ ಟ್ಯೂಬ್ ತೊಳೆದಿಡು" ಎಂದು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿದ್ದರು. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಮೇಜಿಗೇ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಾರೆ. ಹಾಲು ಉಕ್ಕಿ ಬೆಂಕಿ ಆರಿದೆ, ಗ್ಯಾಸು ನಿಂತಿಲ್ಲ. ಚಳಿಗೆ ಕಿಟಕಿ ಹಾಕಿತ್ತು. ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯವರು ಗ್ಯಾಸಿನ ವಾಸನೆಗೆ ಬಂದು ಬಾಗಿಲು ಒಡೆದಾಗ ಮೇಡಂ ಪತ್ರಿಕೆಗಳ ಮೇಲೆ ಕೆನ್ನೆಯಿಟ್ಟು ಮಲಗಿದ್ದರು, ಕೈಯಲ್ಲಿ ಕೆಂಪು ಪೆನ್ನು.

ಸುದ್ದಿ ಬಂದಾಗ ಲ್ಯಾಬ್ ಅಕ್ಕ ಇಪ್ಪತ್ತನೇ ಟ್ಯೂಬು ತೊಳೆಯುತ್ತಿದ್ದಳು. ಕೇಳಿದ ಮೇಲೆ ಏನು ಮಾಡಬೇಕೆಂದು ತೋಚದೆ ಇಪ್ಪತ್ತನ್ನೂ ಮತ್ತೆ ತೊಳೆದಳು.

"ಅಲ್ಲಾ ಸಾರ್," ಬೆನ್ನ ಹಿಂದೆ ಫಿಸಿಕ್ಸ್ ಮೇಷ್ಟ್ರು ಹೆಡ್‌ಮಾಸ್ಟರ ಕಿವಿಯಲ್ಲಿ ಹೇಳುತ್ತಿದ್ದರು. "ಮೂವತ್ತು ವರ್ಷ ಮಕ್ಕಳಿಗೆ ಗ್ಯಾಸು ಮೂಸೋದು ಕಲಿಸಿದವರು. ಮನೆ ಗ್ಯಾಸು ಗೊತ್ತಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಸುಮ್ನಿರ್ರೀ. ಮೇಡಂ ಮಗಳು ಅಲ್ಲೇ ಇದ್ದಾಳೆ."

"ನಾನೇನೂ ಹೇಳ್ತಿಲ್ಲಪ್ಪ. ಕಿಟಕಿ ಬೇರೆ ಹಾಕಿತ್ತು ಅಂದ್ರು, ಅಷ್ಟೇ."

ಪಿಸುಮಾತು ಅಂದುಕೊಂಡೇ ಆಡಿದ್ದು. ಆದರೆ ತರಗತಿಯ ಕೊನೇ ಬೆಂಚಿಗೆ ಮುಟ್ಟಿಸಿ ಅಭ್ಯಾಸವಾದ ಗಂಟಲು. ವ್ಯಾನಿನ ಪಕ್ಕ ನಿಂತಿದ್ದ ಮಗಳು ತಿರುಗಿ ನೋಡಲಿಲ್ಲ. ವ್ಯಾನು ಹೊರಟರೂ ಅವಳು ಅದರ ಹಿಡಿಕೆ ಬಿಡದೆ ನಾಲ್ಕು ಹೆಜ್ಜೆ ಜತೆಗೇ ಹೋದಳು. ಲ್ಯಾಬ್ ಅಕ್ಕನೇ ಓಡಿಹೋಗಿ ಅವಳ ಬೆರಳು ಬಿಡಿಸಬೇಕಾಯಿತು. ಐಸಿನಂಥ ಬೆರಳುಗಳು.

*

ಆ ವರ್ಷ ಶಾಲೆ ಶುರುವಾದ ತಿಂಗಳಲ್ಲಿ ಮೇಡಂ ಹತ್ತು ದಿನ ಜ್ವರವೆಂದು ರಜೆ ಹಾಕಿದ್ದರು. ವಾಪಸಾದ ವಾರವೇ ಹತ್ತನೇ ಕ್ಲಾಸಿನ ಪ್ರಯೋಗ. ಕೊಳೆತ ಮೊಟ್ಟೆಯ ನಾತ ಹೊಡೆಯುವ ಆ ಅನಿಲಕ್ಕೆ ಮಕ್ಕಳು ಮೂಗು ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದರು. ಬಾಗಿಲಲ್ಲಿ ನಿಂತ ಲ್ಯಾಬ್ ಅಕ್ಕನೂ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮೇಡಂ ಮಾತ್ರ ಟ್ಯೂಬಿನ ಬಾಯಿಗೆ ಮೂಗು ತಂದು, ಗುಲಾಬಿ ಮೂಸಿದ ಹಾಗೆ ಮೂಸಿ, "ಇನ್ನೂ ಬಂದಿಲ್ಲ, ಆಸಿಡ್ ಹಾಕಿ" ಅಂದರು.

ಕ್ಲಾಸು ಮುಗಿದ ಮೇಲೆ ಸ್ಟೋರ್ ರೂಮಿನಲ್ಲಿ ಅಕ್ಕ ನೇರವಾಗಿಯೇ ಕೇಳಿದಳು. "ಮೇಡಂ, ನಿಮಗೆ ವಾಸನೆ ಬರ್ತಿಲ್ಲ ಅಲ್ವಾ?"

ಮೇಡಂ ಸ್ಟೂಲಿನ ಮೇಲೆ ಕೂತರು. "ಜ್ವರದ ಜತೆ ಹೋಯ್ತು. ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಯಾರಿಗೂ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ಲ್ಯಾಬಿಗೆ ಬಿಡಲ್ಲ. ಲೈಬ್ರರೀಲಿ ಕೂರಿಸ್ತಾರೆ. ಇನ್ನೆರಡು ವರ್ಷ ಸರ್ವೀಸಿದೆ ನಂಗೆ."

ಅಂದಿನಿಂದ ಮೇಡಂಗೆ ಅವಳೇ ಮೂಗಾದಳು. ಅವಳು ಕಿವಿ ಮುಟ್ಟಿಕೊಂಡರೆ ಕೊಳೆತ ಮೊಟ್ಟೆ, ಗಲ್ಲ ಮುಟ್ಟಿಕೊಂಡರೆ ವಿನೆಗರ್, ಕೆಮ್ಮಿದರೆ ಏನೂ ಇಲ್ಲ. ಒಮ್ಮೆ ನಿಜವಾಗಿಯೇ ಕಿವಿ ನವೆಯಾಗಿ ಕೆರೆದುಕೊಂಡಳು. ಮೇಡಂ ಬರೀ ನೀರಿದ್ದ ಟ್ಯೂಬನ್ನು ಮೂಸಿ ಮುಖ ಕಿವುಚಿ, "ಛೀ, ಎಂಥಾ ನಾತ!" ಅಂದುಬಿಟ್ಟರು. ಆಮೇಲೆ ಇಬ್ಬರೂ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂವತ್ತು ವರ್ಷ ಗಂಭೀರವಾಗೇ ಪಾಠ ಮಾಡಿದ ಮೇಡಂ ಹಾಗೆ ನಕ್ಕಿದ್ದನ್ನು ಮತ್ಯಾರೂ ನೋಡಿರಲಿಕ್ಕಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ವಾರ ಮಾತ್ರ ನಗು ಬರಲಿಲ್ಲ. ಯಾರೋ ಮಕ್ಕಳು ಬರ್ನರಿನ ನಲ್ಲಿ ತೆರೆದಿಟ್ಟು ಹೋಗಿದ್ದರು. ಅಕ್ಕ ಒಳಗೆ ಬಂದಾಗ ಲ್ಯಾಬೆಲ್ಲ ಗ್ಯಾಸಿನಿಂದ ಗಬ್ಬೆನ್ನುತ್ತಿತ್ತು. ಮೇಡಂ ಅದರ ಪಕ್ಕವೇ ಕೂತು ಬರೆಯುತ್ತಿದ್ದರು. ಅಕ್ಕ ನಲ್ಲಿ ತಿರುಗಿಸಿ, ಕಿಟಕಿಗಳನ್ನೆಲ್ಲ ದಡದಡ ತೆರೆದಳು.

"ಮೇಡಂ, ಇಲ್ಲಿ ನಾನಿದ್ದೀನಿ. ಮನೇಲಿ?"

"ಮನೇಲೇನಿದೆ? ಒಂದು ಒಲೆ."

"ಮಗಳಿಗಾದ್ರೂ ಹೇಳಿ."

"ಅವಳಿಗೆ ಹೇಳಿದ್ರೆ ನಾಳೆನೇ ಬಂದು ರಾಜೀನಾಮೆ ಬರೆಸ್ತಾಳೆ. ನೀನೂ ಹೇಳಬಾರದು. ಮಾತು ಕೊಡು."

ಅಕ್ಕ ಮಾತು ಕೊಟ್ಟಳು.

*

ಮಣ್ಣು ಮಾಡಿ ಬಂದವರು ಮನೆಯ ಮುಂದಿನ ಕೋಣೆಯಲ್ಲಿ ಕೂತರು. ಮಗಳು ಮಾತ್ರ ನೇರ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಹಿಂದೆಯೇ ಬಂದ ಲ್ಯಾಬ್ ಅಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಆ ಮೇಷ್ಟ್ರು ಅಂದಿದ್ದು ನಿಜಾನಾ? ಅಮ್ಮ ಬೇಕೂಂತಲೇ..."

"ಇಲ್ಲಮ್ಮ. ಇಲ್ಲ."

"ನಿಮಗೆ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಬಂದಿದ್ದೆ. ಕಸದ ಡಬ್ಬೀಲಿ ಏನೋ ಕೊಳೆತು ಮನೆಯೆಲ್ಲ ಗಬ್ಬು. ಅವಳು ಆರಾಮಾಗಿ ಪೇಪರ್ ಓದ್ತಾ ಕೂತಿದ್ಲು. ನಿಂಗೆ ಮೂಗಿಲ್ವಾ ಅಂತ ಕಿರುಚಿದೆ. ಈ ಕೊಳಕಿಗೆ ಇನ್ನು ಕಾಲಿಡಲ್ಲ ಅಂದೆ. ಇಡಲೂ ಇಲ್ಲ. ಅವಳು ಸುಮ್ನೆ ನನ್ನ ಮುಖ ನೋಡಿದ್ಲು."

ಮೇಡಂಗೆ ಕೊಟ್ಟ ಮಾತನ್ನು ಅಕ್ಕ ಅಲ್ಲಿಗೇ ಮುರಿದಳು.

"ಮೇಡಂಗೆ ವಾಸನೆ ಬರ್ತಿರ್ಲಿಲ್ಲ ಕಣಮ್ಮ," ಅಂದಳು. ಮೆತ್ತಗೆ ಹೇಳಬೇಕೆಂದಿದ್ದಳು; ಕೂಗಿದ ಹಾಗೆ ಬಂತು. "ಜ್ವರ ಬಂತಲ್ಲ, ಆವಾಗಿಂದ. ಏಳೆಂಟು ತಿಂಗಳಾಯ್ತು. ಯಾವ ವಾಸನೇನೂ ಇಲ್ಲ. ನನ್ನೊಬ್ಬಳಿಗೆ ಗೊತ್ತಿತ್ತು."

ಮುಂದಿನ ಕೋಣೆಯವರಿಗೂ ಕೇಳಿಸಿತು. ಫಿಸಿಕ್ಸ್ ಮೇಷ್ಟ್ರು ಬಾಗಿಲವರೆಗೆ ಬಂದು, ಒಳಗೆ ಬರಲಾರದೆ, ಚೌಕಟ್ಟು ಹಿಡಿದು ನಿಂತರು.

ಮಗಳು ತೋಳು ಬಿಟ್ಟಳು. "ಗೊತ್ತಿತ್ತು. ಗೊತ್ತಿದ್ದೂ ಒಂದು ಫೋನ್ ಮಾಡೋಕಾಗ್ಲಿಲ್ವಾ ನಿಮಗೆ?"

"ಆಗ್ಲಿಲ್ಲ," ಅಂದಳು ಅಕ್ಕ. ಮಾತು ಕೊಟ್ಟಿದ್ದೆ ಅನ್ನಲಿಲ್ಲ. ಆ ಮಾತಿಗೆ ಈಗ ಯಾವ ಬೆಲೆಯೂ ಉಳಿದಿರಲಿಲ್ಲ.

ಮಗಳು, ನೀರು ಕುಡಿಯಲಿರಬೇಕು, ಫ್ರಿಜ್ಜಿನ ಬಾಗಿಲು ತೆರೆದಳು. ತೆರೆದವಳು ಹಾಗೇ ನಿಂತಳು.

ಒಳಗಿದ್ದ ಪ್ರತಿಯೊಂದು ಡಬ್ಬಿಯ ಮೇಲೂ ಬಿಳಿ ಚೀಟಿ ಅಂಟಿಸಿತ್ತು. ಎಲ್ಲದರ ಮೇಲೂ ಮೇಡಂ ಅವರ ದುಂಡು ಅಕ್ಷರ. 'ಹಾಲು, ಸೋಮವಾರ ಬೆಳಿಗ್ಗೆ.' 'ಅನ್ನ, ಭಾನುವಾರ ಮಧ್ಯಾಹ್ನ, ಮಂಗಳವಾರ ಎಸೆಯುವುದು.' ಬಾಗಿಲಿನ ಒಳಬದಿಗೊಂದು: 'ಕಸ, ದಿನಾ ಸಂಜೆ ಏಳಕ್ಕೆ, ಮರೆಯದೆ.' ಕೆಳಗಿನ ಅರೆಯಲ್ಲಿ ಒಂದು ಸಣ್ಣ ಡಬ್ಬಿ: 'ಬೀನ್ಸ್ ಪಲ್ಯ, ಸೋಮವಾರ ಸಂಜೆ ಆರು. ಗುರುವಾರದವರೆಗೆ ತಿನ್ನಬಹುದು.'

ಮಗಳು ಒಂದೊಂದನ್ನೇ ಓದಿದಳು. ಆಮೇಲೆ ಆ ಸಣ್ಣ ಡಬ್ಬಿ ತೆಗೆದುಕೊಂಡು ಮೇಜಿನ ಮುಂದೆ ಕೂತಳು.

"ಇವತ್ತು ಬುಧವಾರ ಅಲ್ವಾ ಅಕ್ಕಾ?"

"ಹೂಂ, ಬುಧವಾರ."

ಮುಚ್ಚಳ ತೆರೆಯುವಾಗ ಚೀಟಿ ಕಿತ್ತು ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು. ಅದನ್ನು ಬಿಡಿಸದೆ, ತಣ್ಣಗಿದ್ದ ಪಲ್ಯವನ್ನು ಅವಳು ಡಬ್ಬಿಗೇ ಕೈಹಾಕಿ ತಿನ್ನತೊಡಗಿದಳು.