ಟಾಲ್ಬರ್ಟನ್‌ನಲ್ಲಿ ನೋಡಬೇಕಾದ ಒಂಬತ್ತು

ಸಿಗ್ನಲ್‌ನಲ್ಲಿ ಕೆಂಪು ದೀಪವಿತ್ತು. ಆದರೂ ಹಳದಿ ರೇನ್‌ಕೋಟ್ ತೊಟ್ಟ ಪೊಲೀಸ್ ನಡುರಸ್ತೆಯಲ್ಲಿ ನಿಂತು, ಮುರಳೀಧರನ ಕಾರಿಗೆ ಮುಂದೆ ಹೋಗುವಂತೆ ಕೈ ಬೀಸಿದ.

“ರೆಡ್ ಇದೆಯಲ್ರೀ,” ಎಂದಳು ಶ್ರೀಲತಾ.

“ಪೊಲೀಸೇ ಹೋಗು ಅಂತಿದಾನೆ. ನಿಂತ್ರೆ ಅದಕ್ಕೊಂದು ದಂಡದ ಟಿಕೆಟ್ ಕೊಟ್ಟಾನು.”

ಮುಂದೆ ಕಾರುಗಳ ಸಾಲು, ಹಿಂದೆಯೂ ಸಾಲು. ಯಾವುದೂ ಇಪ್ಪತ್ತೈದು ಮೈಲಿಗಿಂತ ಜೋರಾಗಿ ಹೋಗುತ್ತಿರಲಿಲ್ಲ. ಎಲ್ಲದರ ನಾಲ್ಕೂ ಇಂಡಿಕೇಟರ್‌ಗಳು ಮಿನುಗುತ್ತಿದ್ದವು, ಮುರಳೀಧರನ ಕಾರಿನದೂ. ಜೋರು ಮಳೆ ಬಂದರೆ ಹೆಡ್‌ಲೈಟಿನ ಜೊತೆ ಅವನ್ನೂ ಹಾಕಿಕೊಳ್ಳುವುದು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಲಿತ ಅಭ್ಯಾಸ. ಅಮೆರಿಕದ ಷಾರ್ಲೆಟ್‌ಗೆ ಬಂದು ಎಂಟು ವರ್ಷವಾದರೂ ಅದು ಹೋಗಿರಲಿಲ್ಲ.

“ನೋಡು, ಇಲ್ಲಿಯವರಿಗೂ ಬುದ್ಧಿ ಇದೆ,” ಎಂದ.

ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯಲ್ಲಿದ್ದ ಕೆಲಸ ಹೋಗಿ ನಲವತ್ತೊಂದು ದಿನವಾಗಿತ್ತು. ಅರವತ್ತು ದಿನದೊಳಗೆ ಬೇರೆ ಕಂಪನಿ ಅವನ ವೀಸಾಕ್ಕೆ ಅರ್ಜಿ ಹಾಕದಿದ್ದರೆ ಮೂವರೂ ದೇಶ ಬಿಡಬೇಕು. ಸಿಕ್ಕಿದ್ದು ಒಂದೇ ಕೆಲಸ, ಆರು ಸಾವಿರ ಜನರ ಟಾಲ್ಬರ್ಟನ್‌ನ ಕಾಲುಚೀಲದ ಕಾರ್ಖಾನೆಯಲ್ಲಿ. ಕಂಪ್ಯೂಟರ್ ಕೆಟ್ಟರೆ ಇಪ್ಪತ್ತು ನಿಮಿಷದಲ್ಲಿ ಹಾಜರಾಗಬೇಕಾದ್ದರಿಂದ ವಾಸವೂ ಅಲ್ಲೇ. ಉತ್ತರ ಸೋಮವಾರ ಬೆಳಿಗ್ಗೆಯೊಳಗೆ ಕೊಡಬೇಕು. ಶ್ರೀಲತಾ ಮಾತ್ರ, “ಊರು ನೋಡದೆ ನಾನು ಹ್ಞೂಂ ಅನ್ನಲ್ಲ. ಏನಾದ್ರೂ ಆದ್ರೆ ಹೋಗಿ ಬಾಗಿಲು ತಟ್ಟೋಕೆ ಅಲ್ಲಿ ಯಾರಿದಾರೆ?” ಎಂದಿದ್ದಳು.

ನೋಡಲು ಕಂಪನಿಯವರೇ ಒಂದು ಹಾಳೆ ಕಳಿಸಿದ್ದರು: ‘ಟಾಲ್ಬರ್ಟನ್: ನೋಡಲು, ಮಾಡಲು ಒಂಬತ್ತು’. ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ನಿಧಿ ಪೆನ್ಸಿಲ್ ಹಿಡಿದು ಕುಳಿತಿದ್ದಳು. ಇನ್ನೂ ಒಂದಕ್ಕೂ ಗುರುತು ಬಿದ್ದಿರಲಿಲ್ಲ. ಮೊದಲನೆಯದು ಹಳೆಯ ರೈಲು ನಿಲ್ದಾಣದ ಮ್ಯೂಸಿಯಂ, ಬೀಗ. ಎರಡನೆಯದು ಕಿತ್ತಳೆ ಶರಬತ್ತು ಮಾಡಿಕೊಡುವ ಔಷಧಿ ಅಂಗಡಿ, ಅದೂ ಬೀಗ. ಮೂರನೆಯದಾದ ಕೌದಿ ಅಂಗಡಿಯ ಗಾಜಿಗೆ ಮುಖ ಒತ್ತಿ ನೋಡಿ ಬಂದಿದ್ದಳು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇನ್ ಸ್ಟ್ರೀಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾಲ್ಕನೆಯದು ಹೂಬಿಟ್ಟ ಪೀಚ್ ತೋಟ. ಈಗ ಹೊರಟದ್ದು ಅಲ್ಲಿಗೆ.

“ಅಪ್ಪಾ, ಆ ಟ್ರಕ್ ಯಾಕೆ ಸ್ಟಾಪ್ ಆಯ್ತು?”

ಎದುರಿನಿಂದ ಬರುತ್ತಿದ್ದ ಪಿಕಪ್ ಟ್ರಕ್ ರಸ್ತೆ ಬಿಟ್ಟು ಹುಲ್ಲಿಗೆ ಇಳಿದು ನಿಂತಿತ್ತು. ಒಳಗಿದ್ದ ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ನಮಗೇನಾ?” ಎಂದಳು ಶ್ರೀಲತಾ.

“ಮುಂದೆ ಯಾರೋ ದೊಡ್ಡ ಮನುಷ್ಯ ಇರ್ಬೇಕು. ಮಿನಿಸ್ಟರ್ ಥರ.”

ಫೋನು ಎಡಕ್ಕೆ ತಿರುಗು ಎಂದಿತು. ತಿರುಗುವ ಜಾಗದಲ್ಲೂ ಒಬ್ಬ ಪೊಲೀಸ್ ನಿಂತು ನೇರ ಹೋಗೆಂದು ಕೈ ಮಾಡಿದ. ಸಾಲು ಒಂದು ಕಬ್ಬಿಣದ ಗೇಟಿನೊಳಗೆ ಹೊಕ್ಕಿತು.

“ರೀ,” ಎಂದಳು ಶ್ರೀಲತಾ, ಎರಡೂ ಬದಿಯ ಕಲ್ಲುಗಳನ್ನು ನೋಡುತ್ತ. “ಇದು ಸ್ಮಶಾನ ಕಣ್ರೀ.”

ದಾರಿ ಒಂದೇ ಕಾರಿನಷ್ಟು ಅಗಲ. ಹಿಂದೆ ಹದಿನೈದು ಕಾರು ನಿಂತಿದ್ದವು. ಮುರಳೀಧರ ರಿವರ್ಸ್ ಹಾಕಿ, ಮತ್ತೆ ತೆಗೆದ. ಅಷ್ಟರಲ್ಲಿ ಕಪ್ಪು ಸೂಟಿನವನೊಬ್ಬ ಛತ್ರಿ ಹಿಡಿದು ಶ್ರೀಲತಾಳ ಬಾಗಿಲು ತೆರೆದ. ಇಳಿಯದೆ ಬೇರೆ ದಾರಿ ಇರಲಿಲ್ಲ.

ಡೇರೆಯ ಕೆಳಗೆ ಶವಪೆಟ್ಟಿಗೆ. ಪಕ್ಕದಲ್ಲಿದ್ದ ಬಿಳಿಗೂದಲಿನ ಹೆಂಗಸು ನೇರ ಬಂದು ಶ್ರೀಲತಾಳ ಎರಡೂ ಕೈ ಹಿಡಿದುಕೊಂಡಳು. ಹೆಸರು ಡಾಟಿ ಎಂದಳು. ತೀರಿಕೊಂಡ ಕ್ಲೈಡ್ ಅವಳ ತಮ್ಮ.

“ನೀವು ಕಾರ್ಖಾನೆಯವರಾ?” ಎಂದು ಕೇಳಿದಳು.

ಮುರಳೀಧರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಅದೂ ಪೂರ್ತಿ ನಿಜವಲ್ಲ.

“ಅಲ್ಲ,” ಎಂದಳು ಶ್ರೀಲತಾ, ಇಂಗ್ಲಿಷಿನಲ್ಲಿ. “ತಪ್ಪಿ ಬಂದೆವು. ಮಳೆಗೆ ಲೈಟ್ ಹಾಕಿದ್ದೆವು. ಊರು ನೋಡಲು ಬಂದವರು ನಾವು. ಕ್ಷಮಿಸಿ.”

ಡಾಟಿ ಅವಳನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡ ಮುರಳೀಧರ. ನಗುತ್ತಿದ್ದಳು.

“ಇಲ್ಲಿ ಶವದ ಹಿಂದೆ ಹೋಗುವವರು ಹಾಗೆ ಲೈಟ್ ಮಿನುಗಿಸುತ್ತಾರೆ, ಎದುರಿನವರು ನಿಂತು ಟೋಪಿ ತೆಗೆಯುತ್ತಾರೆ. ಕ್ಲೈಡ್‌ಗೆ ಗೊತ್ತಾಗಿದ್ದರೆ ಒಂದು ವರ್ಷ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಸರಿ, ಏನೇನು ನೋಡಿದಿರಿ?”

“ನಥಿಂಗ್,” ಎಂದು ನಿಧಿ ಹಾಳೆ ಚಾಚಿದಳು. “ಎವ್ರಿಥಿಂಗ್ ಈಸ್ ಕ್ಲೋಸ್ಡ್.”

ಡಾಟಿ ಕನ್ನಡಕ ಸರಿಮಾಡಿಕೊಂಡು ಓದಿದಳು. “ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವನು ಇವನೇ. ಬೀಗದ ಕೈ ಎಲ್ಲಿಟ್ಟಿದ್ದಾನೋ, ಇನ್ನೂ ಹುಡುಕುತ್ತಿದ್ದೇವೆ. ಔಷಧಿ ಅಂಗಡಿಯವನು ಅಗೋ, ಆ ಕೆಂಪು ಟೈ. ಕೌದಿ ಅಂಗಡಿ ನನ್ನದು.” ನಿಧಿಯ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಹಿಂದೆ ಒಂದು ಫೋನ್ ನಂಬರ್ ಬರೆದಳು. “ಮನೆ ಅಂಗಡಿಯ ಹಿಂದೆಯೇ. ಮುಚ್ಚಿದ್ದರೆ ಹಿತ್ತಲ ಬಾಗಿಲು ತಟ್ಟಿ.”

ಹೊರಡುವ ಮೊದಲು ಅವರ ಕೈಗೂ ಒಂದೊಂದು ಬಿಳಿ ಹೂ ಬಂತು. ಎಲ್ಲರಂತೆ ಪೆಟ್ಟಿಗೆಯ ಮೇಲಿಟ್ಟರು. ಚರ್ಚಿನ ಊಟಕ್ಕೆ ಕರೆದರು. ಬರುವುದಿಲ್ಲವೆಂದು ಕೈ ಮುಗಿದು ಬಂದರು.

ಕಾರಿನಲ್ಲಿ ನಿಧಿ ಚಿತ್ರಾನ್ನದ ಡಬ್ಬಿಗೆ ಕೈ ಹಾಕಿದಳು.

“ಮುಟ್ಬೇಡ! ಮಣ್ಣಿಗೆ ಹೋಗಿ ಬಂದಿದೀವಿ. ಮನೇಗೆ ಹೋಗಿ ಸ್ನಾನ ಮಾಡಿದ್ಮೇಲೆ ಊಟ.”

“ಅವರು ಯಾರೋ, ನಮಗ್ಯಾಕೆ ಮೈಲಿಗೆ?” ಎಂದ ಮುರಳೀಧರ.

“ಯಾರೋ ಆದ್ರೆ ಹೂ ಯಾಕೆ ಇಟ್ರಿ?”

ಅವನು ಕಾರನ್ನು ಗೇಟಿನಿಂದಾಚೆ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ, “ಹೊರಟಾಗ ಹೆಣ ಎದುರಿಗೆ ಬಂದ್ರೆ ಒಳ್ಳೇದು ಅಂತಾರೆ, ಅಲ್ವಾ?” ಎಂದ.

“ಎದುರಿಗೆಲ್ಲಿ ಬಂತು? ನಾವೇ ಹಿಂದೆ ಹೋದ್ವಲ್ಲ.”

“ಅದಕ್ಕೇನಂತಾರೆ?”

“ನಂಗೊತ್ತಿಲ್ಲ.”

“ಅಮ್ಮಾ, ನಾನು ಯಾವ್ದು ಚೆಕ್ ಮಾಡ್ಲಿ?” ಎಂದಳು ನಿಧಿ. ಶ್ರೀಲತಾ ಕೈ ಚಾಚಿ ಹಾಳೆ ಇಸಿದುಕೊಂಡು, ನಂಬರ್ ಒಳಗೆ ಬರುವಂತೆ ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟಳು.

ಮಳೆ ನಿಂತಿತ್ತು. ರಸ್ತೆಯಲ್ಲಿ ಇವರದೊಂದೇ ಕಾರು. ಎದುರಿನಿಂದ ಬಂದ ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ಹುಲ್ಲಿಗಿಳಿದು ನಿಂತಿತು. ಮೇಲಿದ್ದವನು ಟೋಪಿ ತೆಗೆದ.

“ಅಯ್ಯೋ, ಇಂಡಿಕೇಟರ್ ಆಫ್ ಮಾಡೇ ಇಲ್ಲ,” ಎಂದು ಮುರಳೀಧರ ಕೆಂಪು ಗುಂಡಿಗೆ ಕೈ ಚಾಚಿದ.

“ಇರಿ,” ಎಂದಳು ಶ್ರೀಲತಾ, ಅವನ ಕೈ ಹಿಡಿದು. “ಅವನನ್ನ ದಾಟಿದ್ಮೇಲೆ.”

ಕಾರು ಟಿಕ್ ಟಿಕ್ ಎನ್ನುತ್ತ ನಿಧಾನವಾಗಿ ಹೋಯಿತು. ಅವಳು ಕಿಟಕಿ ಇಳಿಸಿ, ಬರಿತಲೆಯಲ್ಲಿ ನಿಂತವನ ಕಡೆ ಸ್ವಲ್ಪವೇ ತಲೆ ಬಾಗಿಸಿದಳು.